ಎರಡೂವರೆ ಮೀಟರ್ ದೂರದಿಂದ: 50 ಎಂಎಂ ಎಫ್/1.8 ಲೆನ್ಸ್ ಜೊತೆ ಒಂದು ವರ್ಷ

ಈ ಲೆನ್ಸ್ ತಗೊಂಡು ಒಂದು ವರ್ಷ ಆಯಿತು. ಮೊದಲ ವಾರವೇ ಇದರ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಬರೆಯದೇ ಇದ್ದದ್ದು ಒಳ್ಳೆಯದೇ ಆಯಿತು. ಆಗ ಬರೆದಿದ್ದರೆ ಹಿನ್ನೆಲೆ ಎಷ್ಟು ಚೆನ್ನಾಗಿ ಮಸುಕಾಗುತ್ತದೆ ಅನ್ನುವುದನ್ನು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಈಗ ಹೇಳುವುದು ಬೇಕಾದಷ್ಟಿದೆ, ಅದರಲ್ಲಿ ಅರ್ಧ ಲೆನ್ಸ್ ಬಗ್ಗೆಯೇ ಅಲ್ಲ, ಫೋಟೋ ತೆಗೆಯುವಾಗ ಎದುರಿಗಿರುವವರ ಜೊತೆ ನಾವು ಹೇಗಿರಬೇಕು ಅನ್ನುವುದರ ಬಗ್ಗೆ.

ನಾನು ಫೋಟೋಗ್ರಫಿಯನ್ನು ಕಸುಬಾಗಿ ಮಾಡುವವನಲ್ಲ. ಕೆಲಸಕ್ಕೆ ಹೋಗಿ ಬರುವ ದಾರಿ, ಪಾರ್ಕು, ಮನೆಯ ಕಿಟಕಿ, ನೆಂಟರ ಮಕ್ಕಳು, ಇಷ್ಟೇ ನನ್ನ ವಿಷಯ. ಕ್ಯಾಮೆರಾ ಎಪಿಎಸ್-ಸಿ ಸೆನ್ಸರ್ ಇರುವಂಥದ್ದು, ಅಂದರೆ ಬೆಳಕು ಹಿಡಿಯುವ ಫಲಕ ಫುಲ್ ಫ್ರೇಮ್ ಕ್ಯಾಮೆರಾದ್ದಕ್ಕಿಂತ ಚಿಕ್ಕದು. ಅದರ ಜೊತೆಗೇ ಬಂದ 18-55 ಜೂಮ್ ಲೆನ್ಸನ್ನು ಎರಡು ವರ್ಷ ಬಳಸಿದ್ದೆ, ದೂರದ್ದಕ್ಕೆ 55-250 ಇತ್ತು (ಈ ಎಂಎಂ ಅಂಕಿ ದೊಡ್ಡದಾದಷ್ಟು ನೋಟ ಕಿರಿದಾಗಿ ದೂರದ್ದು ಹತ್ತಿರ ಕಾಣುತ್ತದೆ). ಕಂಪನಿಯ ಹೆಸರು ಬರೆಯುತ್ತಿಲ್ಲ. ಕ್ಯಾಮೆರಾ ಮಾಡುವ ದೊಡ್ಡ ಕಂಪನಿಗಳೆಲ್ಲ ಹೆಚ್ಚುಕಡಿಮೆ ಇಂಥದ್ದೊಂದು ಲೆನ್ಸ್ ಮಾಡುತ್ತವೆ, ಗುಣವೂ ಕೊರತೆಯೂ ಸುಮಾರಾಗಿ ಒಂದೇ ಥರ ಇರುತ್ತವೆ.

ಮೈಕಟ್ಟಿನ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಪ್ಲಾಸ್ಟಿಕ್ ಮೈ, ತೂಕ ಇನ್ನೂರು ಗ್ರಾಂಗೂ ಕಡಿಮೆ. ಬಿಸಿಲು ಅಡ್ಡ ಬೀಳದ ಹಾಗೆ ಮುಂದೆ ಹಾಕುವ ಹುಡ್ ಡಬ್ಬಿಯಲ್ಲಿ ಇರಲಿಲ್ಲ, ಬೇರೆ ತಗೊಳ್ಳಬೇಕಾಯಿತು. ಜೂಮ್ ಇಲ್ಲ. ಹತ್ತಿರ ಬೇಕಾದರೆ ಹತ್ತಿರ ಹೋಗಬೇಕು, ದೂರ ಬೇಕಾದರೆ ಹಿಂದೆ ಸರಿಯಬೇಕು.

ಬೆಳಕಿನ ವಿಷಯದಿಂದ ಶುರು ಮಾಡುತ್ತೇನೆ. 18-55 ಜೂಮನ್ನು ಪೂರ್ತಿ ಎಳೆದಾಗ ಅದು ತೆರೆದುಕೊಳ್ಳುವುದು ಎಫ್/5.6 ತನಕ ಮಾತ್ರ. ಇದು ಎಫ್/1.8 ತನಕ ತೆರೆದುಕೊಳ್ಳುತ್ತದೆ, ಎಫ್ ಅಂಕಿ ಚಿಕ್ಕದಾದಷ್ಟು ಬೆಳಕು ಬರುವ ಕಿಂಡಿ ದೊಡ್ಡದು. ಆ ಎರಡು ಅಂಕಿಯ ನಡುವೆ ಬೆಳಕಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ ಇದೆ. ಸಂಜೆ ದೀಪ ಹಚ್ಚುವ ಮೊದಲು ಕಿಟಕಿ ಪಕ್ಕ ಕೂತ ಅಮ್ಮನ ಫೋಟೋಗೆ ಹಳೇ ಲೆನ್ಸಿನಲ್ಲಿ ಶಟರ್ 1/15 ಸೆಕೆಂಡು ತೆರೆದಿರಬೇಕಾಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ನನ್ನ ಕೈ ಅಲುಗುತ್ತದೆ, ಅಮ್ಮನೂ ತಿರುಗುತ್ತಾಳೆ. ಅದೇ ಐಎಸ್‌ಒದಲ್ಲಿ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಈ ಲೆನ್ಸಿಗೆ 1/125 ಸಾಕು. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಕೈಯಲ್ಲಿ ಹಿಡಿದಾಗ 1/80ಕ್ಕಿಂತ ನಿಧಾನ ಹೋಗದಿದ್ದರೆ ಒಳ್ಳೆಯದು ಅನ್ನುವುದು ಸಾಮಾನ್ಯ ಲೆಕ್ಕ. ಇದು ನಮ್ಮ ಕೈ ನಡುಕಕ್ಕೆ ಮಾತ್ರ ಲೆಕ್ಕ. ಓಡಾಡುವ ಮಕ್ಕಳಿಗೆ 1/250 ಆದರೂ ಬೇಕು.

ಇದರಿಂದ ಆದ ದೊಡ್ಡ ಉಪಕಾರ ಅಂದರೆ ಫ್ಲ್ಯಾಶ್ ಬಿಟ್ಟೆ. ಮಲಗುವ ಹೊತ್ತಿನ ಕೂಸಿನ ಮುಖಕ್ಕೆ, ವೇದಿಕೆ ಮೇಲೆ ಹಾಡುತ್ತಿರುವವರ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದು ತಪ್ಪು ಅಂತ ನನಗೆ ಮೊದಲೂ ಗೊತ್ತಿತ್ತು, ಬೇರೆ ದಾರಿ ಇರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ದಾರಿ ಇದೆ. ಒಂದು ಮಾತು, ಫ್ಲ್ಯಾಶ್ ಆರಿಸಿದರೆ ಸಾಲದು. ಕತ್ತಲಲ್ಲಿ ಫೋಕಸ್ ಹುಡುಕುವುದಕ್ಕೆ ಬಹಳ ಕ್ಯಾಮೆರಾಗಳು ಮುಂಭಾಗದಿಂದ ಒಂದು ಸಣ್ಣ ದೀಪ ಬಿಡುತ್ತವೆ, ಕಿತ್ತಳೆ ಬಣ್ಣದ್ದೋ ಹಸಿರೋ. ಹಿಡಿದವರಿಗೆ ಅದು ಕಾಣುವುದೇ ಇಲ್ಲ, ಎದುರಿಗಿರುವವರ ಕಣ್ಣಿಗೆ ನೇರ ಹೊಡೆಯುತ್ತದೆ. ಮೆನುವಿನಲ್ಲಿ ಹುಡುಕಿ ಅದನ್ನೂ ಆರಿಸಿ.

ಇನ್ನು ಎಲ್ಲರೂ ಮೆಚ್ಚುವ ಮಸುಕು ಹಿನ್ನೆಲೆ. ತಗೊಂಡ ಹೊಸತರಲ್ಲಿ ನಾನು ಕಂಡದ್ದನ್ನೆಲ್ಲ ಎಫ್/1.8ರಲ್ಲೇ ತೆಗೆದೆ. ಅಜ್ಜಿಯನ್ನು ಒಂದು ಮೀಟರ್ ದೂರದಿಂದ ತೆಗೆದ ನಲವತ್ತು ಫೋಟೋದಲ್ಲಿ ಮೂರು ಮಾತ್ರ ಸರಿಯಾಗಿದ್ದವು. ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಇಲ್ಲಾಂದರೆ ಕನ್ನಡಕದ ಅಂಚು ಸ್ಪಷ್ಟ, ಕಣ್ಣೆರಡೂ ಮಸುಕು. ಲೆನ್ಸೇ ಕೆಟ್ಟಿದೆ ಅಂತ ನನಗೆ ಅನ್ನಿಸಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ಎಪಿಎಸ್-ಸಿಯಲ್ಲಿ 50 ಎಂಎಂ, ಎಫ್/1.8, ಒಂದು ಮೀಟರ್ ದೂರ ಅಂದರೆ ಸ್ಪಷ್ಟವಾಗಿ ಕಾಣುವ ಜಾಗ ಮುಂದಿನಿಂದ ಹಿಂದಕ್ಕೆ ಮೂರು ಸೆಂಟಿಮೀಟರ್ ಇರುತ್ತದೆ, ಅಷ್ಟೇ. ಮಾತಾಡುತ್ತಾ ಕೂತವರ ತಲೆ ಅದಕ್ಕಿಂತ ಜಾಸ್ತಿ ಹಿಂದೆ ಮುಂದೆ ಆಡುತ್ತದೆ. ಅಪರ್ಚರನ್ನು, ಅಂದರೆ ಆ ಕಿಂಡಿಯನ್ನು, ಎಫ್/4ಕ್ಕೆ ತಂದರೆ ಆ ಮೂರು ಆರಕ್ಕೂ ಮೇಲೆ ಹೋಗುತ್ತದೆ. ಅದೇ ಎಫ್/1.8ರಲ್ಲಿ ಎರಡೂವರೆ ಮೀಟರ್ ದೂರಕ್ಕೆ ಸರಿದರೆ ಸುಮಾರು ಹದಿನೆಂಟು ಸೆಂಟಿಮೀಟರ್ ಸಿಗುತ್ತದೆ, ಇಡೀ ಮುಖಕ್ಕೆ ಧಾರಾಳ. ಅಂದರೆ ಅಪರ್ಚರಿಗಿಂತ ದೂರದ ಕೈಯೇ ಇಲ್ಲಿ ಮೇಲು. ನನಗೆ ಇದು ದೊಡ್ಡ ಪಾಠ.

ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗ ಒಂದಿದೆ. ಹತ್ತು ಪುಸ್ತಕಗಳನ್ನು ಒಂದರ ಹಿಂದೆ ಒಂದು ಓರೆಯಾಗಿ ನಿಲ್ಲಿಸಿ, ನಾಲ್ಕನೆಯದರ ಹೆಸರಿನ ಮೇಲೆ ಫೋಕಸ್ ಮಾಡಿ, ಕ್ಯಾಮೆರಾ ಮೇಜಿನ ಮೇಲೆ ಅಲುಗದಂತೆ ಇಟ್ಟು, ಎಫ್/1.8ರಿಂದ ಎಫ್/16 ತನಕ ಒಂದೊಂದೇ ಮೆಟ್ಟಿಲು ತೆಗೆಯಿರಿ. ಅರ್ಧ ಗಂಟೆಯ ಕೆಲಸ. ನನ್ನ ಲೆನ್ಸು ಎಫ್/4ರಿಂದ ಎಫ್/8 ತನಕ ಚಾಕು ಹಾಗೆ ಚೂಪು. ಎಫ್/16ಕ್ಕೆ ಹೋದರೆ ಎಲ್ಲ ಪುಸ್ತಕಗಳ ಹೆಸರೂ ಓದಲು ಬರುತ್ತದೆ, ಆದರೆ ಯಾವುದೂ ಅಷ್ಟು ಚೂಪಿಲ್ಲ. ಕಿರಿದಾದ ಕಿಂಡಿಯಲ್ಲಿ ತೂರುವಾಗ ಬೆಳಕು ಸ್ವಲ್ಪ ಹರಡಿಕೊಳ್ಳುತ್ತದೆ, ಅದಕ್ಕೆ ಹಾಗೆ. ಇನ್ನೊಂದು, ಕಣ್ಣಿನ ಮೇಲೆ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಸರಿಮಾಡುವ ಅಭ್ಯಾಸ ಈ ಲೆನ್ಸಿಗೆ ಆಗಿಬರುವುದಿಲ್ಲ. ಆ ಸಣ್ಣ ತಿರುಗಾಟದಲ್ಲೇ ಮೂರು ಸೆಂಟಿಮೀಟರ್ ಕೈತಪ್ಪಿ ಹೋಗುತ್ತದೆ. ಫ್ರೇಮ್ ಮೊದಲು ಕಟ್ಟಿಕೊಂಡು ಫೋಕಸ್ ಚುಕ್ಕಿಯನ್ನು ಹತ್ತಿರದ ಕಣ್ಣಿಗೆ ಸರಿಸಿ.

ಮಸುಕು ಹಿನ್ನೆಲೆಯ ಬಗ್ಗೆ ನನಗೆ ಇನ್ನೊಂದು ತಕರಾರಿದೆ. ಸೋದರಮಾವ ಹಿತ್ತಿಲಲ್ಲಿ ಸೈಕಲ್ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ಗೋಡೆಯ ಮೇಲೆ ಅವರೇ ಮೊಳೆ ಹೊಡೆದು ಸಾಲಾಗಿ ನೇತು ಹಾಕಿದ ಸ್ಪ್ಯಾನರ್‌ಗಳು, ಹಳೇ ಟ್ಯೂಬು, ಎಣ್ಣೆ ಡಬ್ಬಿ. ಎಫ್/1.8ರಲ್ಲಿ ತೆಗೆದೆ, ಚೆಂದ ಬಂತು. ಮಾವ ನೋಡಿ, "ಎಲ್ಲಿ ತೆಗ್ದಿದ್ದೋ ಇದು?" ಅಂದರು. ಆ ಗೋಡೆ ಇಪ್ಪತ್ತು ವರ್ಷದಿಂದ ಅವರದು. ಫೋಟೋದಲ್ಲಿ ಅದು ಬೂದು ಬಣ್ಣದ ಮೋಡ ಆಗಿತ್ತು. ಎಫ್/8ಕ್ಕೆ ತಂದು ಮತ್ತೆ ತೆಗೆದೆ, ಅದನ್ನು ಅವರು ಫೋನಿನ ಮುಖಪುಟಕ್ಕೆ ಹಾಕಿಕೊಂಡಿದ್ದಾರೆ. ಒಬ್ಬರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅನ್ನುವುದು ಅವರ ಮುಖದಷ್ಟೇ ಮುಖ್ಯ. ಲೆನ್ಸಿಗೆ ಅಳಿಸುವ ಶಕ್ತಿ ಇದೆ ಅಂತ ಎಲ್ಲ ಕಡೆ ಅಳಿಸಬಾರದು.

50 ಎಂಎಂ ಅಂದರೆ ಮನುಷ್ಯನ ಕಣ್ಣು ನೋಡುವ ಹಾಗೆ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಅದು ಫುಲ್ ಫ್ರೇಮ್ ಕ್ಯಾಮೆರಾದ ಮಾತು. 36 x 24 ಮಿಲಿಮೀಟರ್ ಸೆನ್ಸರಿನ ಮೂಲೆಯಿಂದ ಮೂಲೆಗೆ ಸುಮಾರು 43 ಮಿಲಿಮೀಟರ್, 50 ಅದಕ್ಕೆ ಹತ್ತಿರದ ಅಳತೆ. 1925ರಲ್ಲಿ ಮಾರಾಟಕ್ಕೆ ಬಂದ ಮೊದಲ ಲೈಕಾ ಕ್ಯಾಮೆರಾದಲ್ಲೇ 50 ಎಂಎಂ ಲೆನ್ಸ್ ಇತ್ತು, ಓಸ್ಕರ್ ಬಾರ್ನಾಕ್ ಕಟ್ಟಿದ ಕ್ಯಾಮೆರಾ ಅದು. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ-ಬ್ರೆಸೋಂ ತಮ್ಮ ಬಹುಪಾಲು ಕೆಲಸವನ್ನು ಇದೇ ಅಳತೆಯ ಲೆನ್ಸಿನಲ್ಲಿ ಮಾಡಿದವರು. ಆದರೆ ಎಪಿಎಸ್-ಸಿ ಕ್ಯಾಮೆರಾಕ್ಕೆ ಇದನ್ನೇ ಹಾಕಿದರೆ ನೋಟ ಕಿರಿದಾಗಿ 75 ಎಂಎಂ ಥರ ಆಗುತ್ತದೆ, ಕೆಲವು ಕಂಪನಿಯ ಕ್ಯಾಮೆರಾದಲ್ಲಿ 80. ಆ ಹಳೇ ನೋಟವೇ ಬೇಕು ಅಂತಿದ್ದರೆ ನೀವು ತಗೊಳ್ಳಬೇಕಾದ್ದು 35 ಎಂಎಂ. ಇದನ್ನು ತಿಳಿಯದೆ ತಗೊಂಡು ಸಣ್ಣ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲುವವರು ಬಹಳ ಜನ ಇದ್ದಾರೆ.

ನನಗೆ ಮಾತ್ರ ಈ ಕಿರಿದಾದ ನೋಟದಿಂದಲೇ ಒಳ್ಳೆಯದಾಯಿತು. ಇಲ್ಲಿಂದ ಮುಂದೆ ಹೇಳುವುದು ನನಗೆ ಬಹಳ ಮುಖ್ಯ.

ಮೊದಲು 55-250 ಲೆನ್ಸ್ ಇಟ್ಟುಕೊಂಡು ರಸ್ತೆಯ ಈಚೆ ನಿಂತು ಆಚೆಯವರ ಫೋಟೋ ತೆಗೆಯುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದೇ ಸಹಜ ಫೋಟೋ ಅಂತ ನಂಬಿದ್ದೆ. ಒಂದು ದಿನ ಹಳೇ ಫೋಟೋಗಳನ್ನೆಲ್ಲ ಒಟ್ಟಿಗೆ ನೋಡುತ್ತಿದ್ದಾಗ ಮನಸ್ಸಿಗೆ ಕಸಿವಿಸಿ ಆಯಿತು. ನೂರಾರು ಜನ, ಒಬ್ಬರೂ ನನ್ನನ್ನು ನೋಡುತ್ತಿಲ್ಲ. ಬಸ್ಸಿಗೆ ಕಾದು ಸುಸ್ತಾದವರು, ಫೋನಿನಲ್ಲಿ ಯಾರ ಜೊತೆಗೋ ಜಗಳ ಆಡುತ್ತಿರುವವರು, ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಹೋದವರು. ಅದೇ ಜಾಗದಲ್ಲಿ ನನ್ನ ಅಪ್ಪ ಇದ್ದಿದ್ದರೆ? ಆ ಫೋಲ್ಡರನ್ನು ಪೂರ್ತಿ ಅಳಿಸಿದೆ.

50 ಎಂಎಂನಲ್ಲಿ ಹಾಗೆ ಮಾಡಲು ಬರುವುದಿಲ್ಲ. ಒಬ್ಬರ ತಲೆಯಿಂದ ಸೊಂಟದವರೆಗೆ ಫ್ರೇಮ್ ತುಂಬಬೇಕು ಅಂದರೆ ನಾನು ಎರಡು, ಎರಡೂವರೆ ಮೀಟರ್ ದೂರದಲ್ಲಿ ನಿಲ್ಲಬೇಕು. ಪೂರ್ತಿ ಆಳು ಬರಬೇಕಾದರೆ ನಾಲ್ಕು ಮೀಟರ್. ಎರಡೂವರೆ ಮೀಟರ್ ಅಂದರೆ ಮಾತಾಡಿಸುವ ದೂರ. ಆ ದೂರದಲ್ಲಿ ಅವರಿಗೆ ನಾನು ಕಾಣುತ್ತೇನೆ, ನನ್ನ ಮುಖ ಕಾಣುತ್ತದೆ, ಬೇಡ ಅನ್ನುವುದಕ್ಕೆ ಅವರು ದನಿ ಏರಿಸಬೇಕಾಗಿಲ್ಲ. ಫೋನಿನ ಅಗಲ ಲೆನ್ಸಿನ ಹಾಗೆ ಮೂಗಿನ ಹತ್ತಿರ ಹೋಗಿ ಮುಖವನ್ನೇ ಉಬ್ಬಿಸುವ ಪ್ರಮೇಯವೂ ಇಲ್ಲ.

ಪಾರ್ಕಿನಲ್ಲಿ ಒಬ್ಬ ತಾತ ದಿನಾ ಅದೇ ಬೆಂಚಿನ ಮೇಲೆ ಪೇಪರ್ ಓದುತ್ತಾರೆ, ಬೆಳಗ್ಗೆ ಎಂಟರ ಬಿಸಿಲು ಎಲೆ ಸಂದಿಯಿಂದ ಪೇಪರ್ ಮೇಲೆ ಬಿದ್ದು ಅವರ ಗಲ್ಲಕ್ಕೆ ಬೆಳಕು ಕೊಡುತ್ತದೆ. ಹತ್ತಿರ ಹೋಗಿ ಕೇಳಿದೆ. "ತಾತ, ನೀವು ಓದೋವಾಗ ಒಂದು ಫೋಟೋ ತೆಗೀಲಾ?" ಅವರು ಕನ್ನಡಕದ ಮೇಲಿಂದ ನೋಡಿ, "ಯಾಕಪ್ಪಾ?" ಅಂದರು. ಬೆಳಕಿನ ವಿಷಯ ಹೇಳಿದೆ. "ಇವತ್ತು ಬೇಡ, ಗಡ್ಡ ಬೋಳಿಸಿಲ್ಲ. ನಾಳೆ ಬಾ" ಅಂದರು. ಮಾರನೇ ದಿನ ಮೋಡ. ಅದರ ಮಾರನೇ ದಿನ ಅವರು ಬರಲಿಲ್ಲ. ಆರನೇ ದಿನ ಇಬ್ಬರೂ ಇದ್ದೆವು, ಬಿಸಿಲೂ ಇತ್ತು. ತಾತ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು. ಮೊದಲ ನಾಲ್ಕೈದು ಫೋಟೋದಲ್ಲಿ ಬಿಗಿಯಾಗಿ ಕೂತಿದ್ದರು, ಆಮೇಲೆ ಯಾವುದೋ ಸುದ್ದಿ ಓದುತ್ತಾ ನನ್ನನ್ನು ಮರೆತರು. ಎಫ್/2.8, 1/500. ಕೇಳಿದರೆ ಸಹಜತೆ ಹೋಗುತ್ತದೆ ಅನ್ನುತ್ತಾರಲ್ಲ, ಹೋಗುತ್ತದೆ ನಿಜ, ಸ್ವಲ್ಪ ಹೊತ್ತು ಕಾದರೆ ವಾಪಸ್ ಬರುತ್ತದೆ. ಪ್ರಿಂಟ್ ಹಾಕಿಸಿ ಕೊಟ್ಟೆ. ಕಳಿಸುತ್ತೇನೆ ಅಂತ ಹೇಳಿ ಕಳಿಸದೇ ಇರುವುದು ನಮ್ಮಂಥ ಹವ್ಯಾಸಿಗಳಲ್ಲಿ ಬಹಳ ಇದೆ, ಅದು ಸರಿಯಲ್ಲ. ಆಗದಿದ್ದರೆ ಮಾತು ಕೊಡಬಾರದು.

ಒಪ್ಪಿಗೆ ಕೇಳುವಾಗ ಹೆಸರನ್ನೂ ಕೇಳಬೇಕು. ಈ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ, ಊರೂರು ಅಲೆಯುವ ಕೂಲಿ ತಾಯಿಯೊಬ್ಬಳ ಚಿತ್ರ. ಮಕ್ಕಳು ಎರಡೂ ಹೆಗಲಿಗೆ ಒರಗಿದ್ದಾರೆ, ತಾಯಿ ಗಲ್ಲದ ಹತ್ತಿರ ಕೈ ಇಟ್ಟುಕೊಂಡು ಎಲ್ಲೋ ನೋಡುತ್ತಿದ್ದಾಳೆ. ಲೋಕವೆಲ್ಲ ನೋಡಿದ ಚಿತ್ರ. ಆಕೆಯ ಹೆಸರು ಮಾತ್ರ ಲ್ಯಾಂಗ್ ಕೇಳಿರಲಿಲ್ಲ, ಹಾಗಂತ ಅವರೇ ಮುಂದೆ ಬರೆದುಕೊಂಡಿದ್ದಾರೆ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನುವ ಹೆಸರು ಹೊರಗೆ ಬಂದದ್ದು 1978ರಲ್ಲಿ, ಅಷ್ಟು ಹೊತ್ತಿಗೆ ಆಕೆಗೆ ಆ ಚಿತ್ರದ ಬಗ್ಗೆ ಬೇಸರ ಇತ್ತು. ಚಿತ್ರ ದೊಡ್ಡದು, ಅದರಿಂದ ಅಲ್ಲಿನ ಕೂಲಿಗಳಿಗೆ ಆದ ಉಪಕಾರವೂ ದೊಡ್ಡದು. ಆದರೂ ಹೆಸರು ಕೇಳಲು ಎಷ್ಟು ಹೊತ್ತು ಬೇಕು, ಅಲ್ವಾ? ಜರ್ಮನಿಯಲ್ಲಂತೂ 1898ರಲ್ಲಿ ಆ ದೇಶದ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಫೋಟೋಗ್ರಾಫರುಗಳು ಕೋಣೆಗೆ ನುಗ್ಗಿ ಹೆಣದ ಫೋಟೋ ತೆಗೆದರು. ಆ ಗಲಾಟೆಯ ನಂತರ ಬಂದ 1907ರ ಕಾನೂನು, ಒಬ್ಬರ ಚಿತ್ರ ಹಂಚಲು ಅವರ ಒಪ್ಪಿಗೆ ಬೇಕು ಅನ್ನುತ್ತದೆ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಕಾನೂನು ಬಿಡುತ್ತದೆ ಅಂದ ಮಾತ್ರಕ್ಕೆ ನಿದ್ದೆ ಹೋದವರ, ಅಳುತ್ತಿರುವವರ, ಕಾಯಿಲೆಯವರ ಫೋಟೋ ನಾನು ತೆಗೆಯುವುದಿಲ್ಲ.

ಇದನ್ನೆಲ್ಲ ಹೊರಗಿನವರ ವಿಷಯದಲ್ಲಿ ಕಲಿತೆ, ಮನೆಯಲ್ಲಿ ತಪ್ಪು ಮಾಡಿದೆ. ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಹೋಂವರ್ಕ್ ಮಾಡುತ್ತಾ ಪುಸ್ತಕದ ಮೇಲೇ ಮಲಗಿಬಿಟ್ಟಿದ್ದಳು, ಟೇಬಲ್ ಲ್ಯಾಂಪಿನ ಬೆಳಕು, ಕೈಯಲ್ಲಿ ಪೆನ್ಸಿಲ್ ಹಾಗೇ ಇತ್ತು. ಈ ವರ್ಷ ತೆಗೆದುದರಲ್ಲಿ ಅದು ಬಹಳ ಚೆನ್ನಾಗಿ ಬಂದ ಫೋಟೋ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ, ಯಾರೋ ಅದನ್ನು ಇನ್ನೆಲ್ಲೋ ಹಾಕಿದರು, ಅವಳ ಕ್ಲಾಸಿನ ಮಕ್ಕಳ ತನಕ ಹೋಯಿತು. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಂದು, "ಮಾಮ, ಆ ತಾತನ್ನ ಕೇಳಿದ್ಯಲ್ಲ, ನನ್ನ ಯಾಕೆ ಕೇಳ್ಲಿಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ. ಆಗಿನಿಂದ ಅವಳ ಫೋಟೋ ಯಾವುದು ಇರಬೇಕು, ಯಾವುದು ಅಳಿಸಬೇಕು ಅನ್ನುವುದು ಅವಳದೇ ತೀರ್ಮಾನ. ಅಳಿಸು ಅಂದರೆ ಅವಳ ಎದುರಿಗೇ, ಸ್ಕ್ರೀನ್ ತೋರಿಸಿಕೊಂಡೇ ಅಳಿಸುತ್ತೇನೆ, ಆಮೇಲೆ ಮಾಡುತ್ತೇನೆ ಅನ್ನುವುದಿಲ್ಲ. ಆ ಪೆನ್ಸಿಲ್ ಫೋಟೋ ಈಗ ಇಲ್ಲ. ಒಳ್ಳೆಯ ಫೋಟೋ, ಹೋದದ್ದಕ್ಕೆ ಈಗಲೂ ಬೇಜಾರಿದೆ, ಆದರೂ ಹೋಗಬೇಕಾಗಿತ್ತು. ಮಕ್ಕಳ ಫೋಟೋ ಎಲ್ಲಿಗಾದರೂ ಹಾಕುವ ಮುಂಚೆ ಇನ್ನೊಂದು ನೋಡಿ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೋಟೋ ಫೈಲಿನ ಒಳಗೇ ಕೂತಿರುತ್ತದೆ. ಕ್ಯಾಮೆರಾವನ್ನು ಫೋನಿಗೆ ಜೋಡಿಸಿದ್ದರೆ ಅದರಲ್ಲೂ ಬರಬಹುದು. ಕಳಿಸುವ ಮೊದಲು ತೆಗೆದುಹಾಕಿ.

ಮತ್ತೆ ಲೆನ್ಸಿಗೆ ಬರೋಣ, ಕೊರತೆಗಳನ್ನೂ ಹೇಳಬೇಕು. ಫೋಕಸ್ ಮೋಟಾರು ಸದ್ದು ಮಾಡುತ್ತದೆ. ಮನೆಯ ಗದ್ದಲದಲ್ಲಿ ಗೊತ್ತಾಗುವುದಿಲ್ಲ, ಸಂಗೀತ ಕಛೇರಿಯಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ, ವೀಡಿಯೋದಲ್ಲಿ ಕಿರ್ರ್ ಅಂತ ಕೇಳಿಸುತ್ತದೆ. ಅಂಥ ಕಡೆ ಕೈಯಿಂದ ಫೋಕಸ್ ಮಾಡುತ್ತೇನೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆಯಲ್ಲ ಅನ್ನಬಹುದು. ಇದೆ, ಆದರೆ ಎಲ್‌ಇಡಿ ದೀಪದ ಕೆಳಗೆ ಫೋಟೋದ ಮೇಲೆ ಪಟ್ಟೆ ಪಟ್ಟೆ ಬರುತ್ತದೆ. 50 ಹರ್ಟ್ಸ್ ಕರೆಂಟಿನಲ್ಲಿ ಬಹಳ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಹಾಗಾಗಿ ಶಟರ್ 1/100 ಅಥವಾ 1/50ರಲ್ಲಿ ಇಟ್ಟರೆ ಪಟ್ಟೆ ಹೋಗುತ್ತದೆ ಅಥವಾ ಕಡಿಮೆ ಆಗುತ್ತದೆ. ಎಫ್/1.8ರಲ್ಲಿ ಬಿಳಿ ಆಕಾಶದ ಎದುರು ಒಣಗಿದ ಕೊಂಬೆ ತೆಗೆದರೆ ಅಂಚಿಗೆಲ್ಲ ನೇರಳೆ ಬಣ್ಣದ ಗೆರೆ ಬರುತ್ತದೆ, ಎಫ್/4ಕ್ಕೆ ಹೋದರೆ ಬಹುಪಾಲು ಮಾಯ. ಕೈ ನಡುಕ ತಡೆಯುವ ವ್ಯವಸ್ಥೆ ಇದರಲ್ಲಿಲ್ಲ. ನನ್ನದು 45 ಸೆಂಟಿಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಹೂವಿನ ಒಳಗಿನ ಇರುವೆ ಬೇಕು ಅನ್ನುವವರಿಗೆ ಇದು ಸಾಲದು. ಲೆನ್ಸನ್ನು ತಿರುಗಿಸಿ ಹಿಂದುಮುಂದಾಗಿ ಹಿಡಿದರೆ ಇರುವೆಯೂ ಸಿಗುತ್ತದೆ, ಅದಕ್ಕೆ ರಿವರ್ಸ್ ರಿಂಗ್ ಅಂತಲೇ ಸಿಗುತ್ತದೆ. ರಿಂಗ್ ಇಲ್ಲದೆ ಬರೀ ಕೈಯಲ್ಲಿ ಹಿಡಿಯಬೇಡಿ, ಸೆನ್ಸರ್ ಮೇಲೆ ಧೂಳು ಕೂರುತ್ತದೆ.

ಮಕ್ಕಳ ಜೊತೆ ಮಾಡಿದ ಒಂದು ಆಟ ಹೇಳಲೇಬೇಕು. ಕಪ್ಪು ಕಾಗದವನ್ನು ಲೆನ್ಸಿನ ಬಾಯಿಗೆ ಸರಿಯಾಗಿ ದುಂಡಗೆ ಕತ್ತರಿಸಿ, ನಡುವೆ ಹದಿನೈದು ಮಿಲಿಮೀಟರಿನಷ್ಟು ನಕ್ಷತ್ರ ಕೊರೆದು ಮುಂದೆ ಅಂಟಿಸಿ, ಎಫ್/1.8ರಲ್ಲಿ ಹತ್ತಿರದ್ದಕ್ಕೆ ಫೋಕಸ್ ಮಾಡಿ. ದೂರದ ದೀಪಗಳೆಲ್ಲ ನಕ್ಷತ್ರ ಆಗುತ್ತವೆ. 50ನ್ನು 1.8ರಿಂದ ಭಾಗಿಸಿದರೆ ಸುಮಾರು 28 ಮಿಲಿಮೀಟರ್, ತೂತು ಅದಕ್ಕಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಆಕಾರ ಸರಿಯಾಗಿ ಬರುವುದಿಲ್ಲ. ಅಕ್ಕನ ಮಗಳು ಮೀನಿನ ಆಕಾರ ಕೊರೆದಿದ್ದಳು, ಬೀದಿ ದೀಪದ ಸಾಲೆಲ್ಲ ಮೀನಾಗಿ ಈಜುತ್ತಿತ್ತು. ಅದನ್ನು ಗುಂಪಿಗೆ ಅವಳೇ ಹಾಕಿದಳು.

ಯಾರು ತಗೊಳ್ಳಬಹುದು? ಕ್ಯಾಮೆರಾ ಜೊತೆಗೇ ಬರುವ ಜೂಮ್ ಬಳಸಿ ಒಂದಷ್ಟು ದಿನ ಆಗಿ, ಜನರ ಫೋಟೋ ಇಷ್ಟ ಇರುವವರು ಕಣ್ಣು ಮುಚ್ಚಿಕೊಂಡು ತಗೊಳ್ಳಬಹುದು. ಮನೆಯೊಳಗಿನ ಗುಂಪು ಫೋಟೋ, ಕಟ್ಟಡ, ಪ್ರವಾಸದ ನೋಟಗಳೇ ಜಾಸ್ತಿ ಅನ್ನುವವರು ಎಪಿಎಸ್-ಸಿ ಕ್ಯಾಮೆರಾಕ್ಕೆ ಇದನ್ನು ತಗೊಳ್ಳಬೇಡಿ, 35 ಅಥವಾ ಅದಕ್ಕೂ ಅಗಲದ್ದು ನೋಡಿ. ತಗೊಂಡರೆ ಮೊದಲ ಒಂದು ತಿಂಗಳು ಬೇರೆ ಲೆನ್ಸನ್ನು ಮನೆಯಲ್ಲೇ ಬಿಟ್ಟು ಹೋಗಿ. ಎರಡನೇ ವಾರದ ಹೊತ್ತಿಗೆ ಕ್ಯಾಮೆರಾ ಎತ್ತುವ ಮೊದಲೇ ಎಲ್ಲಿ ನಿಲ್ಲಬೇಕು ಅಂತ ಕಾಲಿಗೆ ಗೊತ್ತಾಗಿರುತ್ತದೆ. ಹುಡ್ ಹಾಕಿಕೊಳ್ಳಿ, ಬಿಸಿಲಿನ ಜೊತೆಗೆ ಸಣ್ಣ ಪೆಟ್ಟನ್ನೂ ತಡೆಯುತ್ತದೆ. ರಕ್ಷಣೆಗೆ ಅಂತ ಲೆನ್ಸಿನ ಮುಂದೆ ನಾನು ಹಾಕಿಸಿದ್ದ ಗಾಜು, ಅಂದರೆ ಸಾಧಾರಣ ಯುವಿ ಫಿಲ್ಟರ್‌ನಿಂದ ರಾತ್ರಿ ಫೋಟೋಗಳಲ್ಲಿ ಬೀದಿ ದೀಪದ ತಲೆಕೆಳಗಾದ ಪ್ರತಿಬಿಂಬ ಇನ್ನೊಂದು ಮೂಲೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅದನ್ನು ಬಿಚ್ಚಿ ಡ್ರಾಯರಿಗೆ ಹಾಕಿದ ದಿನದಿಂದ ಆ ತೊಂದರೆ ಇಲ್ಲ.